ನನ್ನ ಪಾತ್ರ ಯಾರನ್ನ ನಂಬಬೇಕು ಅಂತ ತೀರ್ಮಾನ ಮಾಡೋದು ಯಾರು?

ನೀಲಿಶಾಯಿ:

ಎಲ್ಲರಿಗೂ ನಮಸ್ಕಾರ. ಭಾನುವಾರದಿಂದ ತಲೇಲಿ ಒಂದೇ ವಿಷಯ ಸುತ್ತುತಾ ಇದೆ, ಅದಕ್ಕೆ ಇಲ್ಲಿ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಇದೆ.

ನಾವು ಐದು ಜನ ಬೆಂಗಳೂರಲ್ಲಿ ಹನ್ನೊಂದು ತಿಂಗಳಿಂದ ಒಂದೇ ಕ್ಯಾಂಪೇನ್, ಅಂದ್ರೆ ಕಂತು ಕಂತಾಗಿ ಮುಂದುವರಿಯೋ ಒಂದೇ ಕಥೆ, ಆಡ್ತಿದ್ದೀವಿ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರೂ ಒಂದು ಪಾತ್ರವಾಗಿ ಮಾತಾಡ್ತಾ, ದಾಳ ಉರುಳಿಸ್ತಾ ಕಥೆ ಕಟ್ಟೋದು), ಐದನೇ ಆವೃತ್ತಿ, 2014ರ ಪುಸ್ತಕ. ಲೋಕ ಕಟ್ಟಿದ್ದು ನಮ್ಮ ಜಿಎಂ ಅಕ್ಕ, ಅಂದ್ರೆ ಆಟ ನಡೆಸೋರು; ನಮ್ಮ ಪಾತ್ರ ಬಿಟ್ಟು ಮಿಕ್ಕವರೆಲ್ಲ ಅವರ ಬಾಯಲ್ಲೇ ಮಾತಾಡೋದು. ಮಾತೆಲ್ಲ ಕನ್ನಡದಲ್ಲೇ. ನನ್ನ ಪಾತ್ರ ಬೊಮ್ಮಕ್ಕ, ಐದನೇ ಲೆವೆಲ್ ರೋಗ್ (ಕಳ್ಳಗೈ ಚಳಕದವಳು), ಸುಂಕದ ಕಟ್ಟೆ ಕಾಯೋನ ಮಗಳು. ಅವಳ ತಮ್ಮನ್ನ ಕೋಟೆಯ ಸೆರೆಮನೆಗೆ ಹಾಕಿದ್ರು, ಅಲ್ಲೇ ಸತ್ತ ಅಂತ ಸುದ್ದಿ ಬಂತು. ಸೆರೆಮನೆ ಇದ್ದದ್ದು ದಿವಾನನ ಕೈಲಿ. ಮೊದಲನೇ ದಿನ ಕ್ಯಾರೆಕ್ಟರ್ ಶೀಟ್‌ನಲ್ಲಿ ಬಾಂಡ್ ಅನ್ನೋ ಜಾಗದಲ್ಲಿ ಪೆನ್ಸಿಲ್ಲಲ್ಲಿ ಬರ್ಕೊಂಡಿದ್ದೆ: ‘ದಿವಾನನ ಮಾತು ಸಿಹಿ ಆದಷ್ಟೂ ದೂರ ನಿಲ್ಲು.’

ಭಾನುವಾರ ದಿವಾನ ಬೊಮ್ಮಕ್ಕನ್ನ ಒಬ್ಬಳನ್ನೇ ಕರೆಸಿದ. ‘ನಿನ್ನ ತಮ್ಮ ಬದುಕಿದ್ದಾನೆ. ಸೊಂಟದಲ್ಲಿರೋ ಓಲೆಪತ್ರ ಕೊಡು, ನಾಳೆ ಬೆಳಿಗ್ಗೆ ಮನೇಲಿರ್ತಾನೆ’ ಅಂದ. ಆ ಓಲೆಗೆ ನಾವು ನಾಲ್ಕು ಸೆಷನ್ ಒದ್ದಾಡಿದ್ವಿ. ಜಿಎಂ ಪರದೆ ಹಿಂದೆ ದಾಳ ಉರುಳಿಸಿ ‘ಪರ್ಸುಯೇಶನ್, 23’ ಅಂದ್ರು, ಅಂದ್ರೆ ಮಾತಲ್ಲಿ ಒಪ್ಪಿಸೋ ರೋಲ್, ದೊಡ್ಡ ಅಂಕಿ. ನನ್ನ ಕೈಲಿ ಇನ್‌ಸೈಟ್, ಅಂದ್ರೆ ಎದುರಿನವರ ಮನಸ್ಸು ಓದೋ ರೋಲ್, ಮಾಡಿಸಿದ್ರು. ದಾಳದಲ್ಲಿ 4 ಬಿತ್ತು, ಎಲ್ಲ ಸೇರಿ 6. ಆಮೇಲೆ ಅವರು ಹೇಳಿದ್ದು: ‘ನೀನು ಅವನನ್ನ ನಂಬ್ತೀಯ. ಓಲೆ ತೆಗೆದು ಕೊಡ್ತೀಯ.’

ಅಷ್ಟೇ. ಮುಂದಿನ ದೃಶ್ಯಕ್ಕೆ ಹೋದ್ವಿ. ನಾನು ಏನೂ ಮಾತಾಡಲಿಲ್ಲ. ಮೆಟ್ರೋದಲ್ಲಿ ವಾಪಸ್ ಬರ್ತಾ ಶೀಟ್ ತೆಗೆದು ಆ ಪೆನ್ಸಿಲ್ ಸಾಲು ನೋಡ್ದೆ. ಇದನ್ನ ಅಳಿಸಬೇಕಾ ಇಟ್ಕೋಬೇಕಾ ಗೊತ್ತಾಗಲಿಲ್ಲ. ಹನ್ನೊಂದು ತಿಂಗಳು ನಾನು ಕಟ್ಟಿದ ಹೆಂಗಸು ಓಲೆ ಕೊಡ್ತಿದ್ದಳಾ ಇಲ್ವಾ ಅನ್ನೋದು ನನಗೇ ತಿಳಿಯೋ ಮುಂಚೆ ಮುಗಿದುಹೋಗಿತ್ತು. ದಾಳದಲ್ಲಿ ಸೋತರೆ ಪಾತ್ರದ ಮನಸ್ಸೂ ಜಿಎಂ ಕೈಗೆ ಹೋಗತ್ತಾ? ನಿಮ್ಮ ಟೇಬಲ್‌ಗಳಲ್ಲಿ ಹೇಗೆ ಮಾಡ್ತೀರಿ?

ಇಪ್ಪತ್ತುಮುಖ:

ಮೊದಲು ನಿಯಮದ ಮಾತು ಹೇಳಿಬಿಡ್ತೀನಿ, ಯಾಕಂದ್ರೆ ಇಲ್ಲಿ ನಿಯಮ ನಿಮ್ಮ ಕಡೆಗೇ ಇದೆ.

ನಿಮ್ಮ ಇನ್‌ಸೈಟ್ 6 ಬಂದದ್ದರ ಅರ್ಥ ‘ದಿವಾನ ಸುಳ್ಳು ಹೇಳ್ತಿದ್ದಾನಾ ಅಂತ ಬೊಮ್ಮಕ್ಕನಿಗೆ ಗೊತ್ತಾಗಲಿಲ್ಲ’ ಅಂತ ಮಾತ್ರ. ‘ನಿಜ ಹೇಳ್ತಿದ್ದಾನೆ ಅಂತ ನಂಬಿದಳು’ ಅಂತ ಅಲ್ಲ. ಮುಖ ನೋಡಿ ಏನೂ ತಿಳಿಯದೇ ಹೋದವನು ಅನುಮಾನ ಇಟ್ಕೊಂಡೇ ಎದ್ದು ಹೋಗಬಹುದು. ಬಹಳ ಟೇಬಲ್‌ಗಳಲ್ಲಿ ಈ ಎರಡನ್ನೂ ಒಂದೇ ಅಂತ ತಗೋತಾರೆ.

ಎರಡನೆಯದು ಪರ್ಸುಯೇಶನ್. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಮಾತುಕತೆಗೆ ಅಂತ ಒಂದು ಭಾಗ ಇದೆ. ಎದುರಿನವರು ಸ್ನೇಹದಲ್ಲಿದ್ದಾರಾ, ಉದಾಸೀನವಾಗಿದ್ದಾರಾ, ವೈರದಲ್ಲಿದ್ದಾರಾ ನೋಡಿ 0, 10, 20ರ ಡಿಸಿ (ರೋಲ್ ಮುಟ್ಟಬೇಕಾದ ಅಂಕಿ) ಇಟ್ಟು ಏನು ಪ್ರತಿಕ್ರಿಯೆ ಅಂತ ಹೇಳತ್ತೆ. ಅದು ಪೂರ್ತಿ ಎನ್‌ಪಿಸಿಗಳ, ಅಂದ್ರೆ ಜಿಎಂ ನಡೆಸೋ ಪಾತ್ರಗಳ ವಿಷಯ. 2024ರ ಹೊಸ ಪುಸ್ತಕದಲ್ಲಿ ಇನ್‌ಫ್ಲುಯೆನ್ಸ್ ಅಂತ ಆಕ್ಷನ್ ತಂದರು. ಅದರ ಡಿಸಿ 15 ಅಥವಾ ಎದುರಿನ ಜೀವಿಯ ಇಂಟೆಲಿಜೆನ್ಸ್, ಯಾವುದು ದೊಡ್ಡದೋ ಅದು. ಅಲ್ಲೂ ಎದುರಿಗಿರೋದು ಜಿಎಂ ನಡೆಸೋ ಜೀವಿ.

ಆಟಗಾರನ ಪಾತ್ರದ ಮನಸ್ಸನ್ನ ಹಿಡಿಯೋಕೆ ಈ ಆಟದಲ್ಲಿ ದಾರಿ ಇಲ್ಲ ಅಂತ ಹೇಳ್ತಿಲ್ಲ. ಚಾರ್ಮ್ ಪರ್ಸನ್ ಇದೆ, ಸಜೆಶನ್ ಇದೆ, ಡಾಮಿನೇಟ್ ಪರ್ಸನ್ ಇದೆ. ಈ ಆಟದ 1974ರ ಮೊದಲ ಪೆಟ್ಟಿಗೆಯಲ್ಲೇ ಅಹಂಕಾರ ಇರೋ ಮಾಂತ್ರಿಕ ಖಡ್ಗಗಳು ಹಿಡಿದವನನ್ನೇ ಆಳಬಹುದಿತ್ತು. ಆದ್ರೆ ಮಂತ್ರಗಳನ್ನ ಒಂದ್ಸಲ ಓದಿ ನೋಡಿ. ಎಷ್ಟು ಬೇಲಿ ಹಾಕಿದ್ದಾರೆ! ಚಾರ್ಮ್ ಪರ್ಸನ್‌ಗೆ ವಿಸ್ಡಮ್ ಸೇವ್ (ತಪ್ಪಿಸಿಕೊಳ್ಳೋಕೆ ಒಂದು ರೋಲ್) ಇದೆ, ಒಂದು ಗಂಟೆ ಮಿತಿ ಇದೆ, ಮುಗಿದ ಮೇಲೆ ನನ್ನ ಮೇಲೆ ಮಂತ್ರ ಹಾಕಿದ್ರು ಅಂತ ಗೊತ್ತಾಗತ್ತೆ. ಹಿಡಿತದಲ್ಲಿದ್ದಾಗಲೂ ಮಂತ್ರ ಹಾಕಿದವನು ಪರಿಚಯದ ಸ್ನೇಹಿತನ ಥರ ಕಾಣ್ತಾನೆ ಅಷ್ಟೇ, ಆಳು ಆಗಲ್ಲ. ಡಾಮಿನೇಟ್ ಪರ್ಸನ್ ಐದನೇ ಲೆವೆಲ್ ಮಂತ್ರ, ಅದರಲ್ಲೂ ಪೆಟ್ಟು ಬಿದ್ದಾಗೆಲ್ಲ ಮತ್ತೆ ಸೇವ್. ಮಂತ್ರಕ್ಕೇ ಇಷ್ಟು ಬೇಲಿ ಇರಬೇಕಾದ್ರೆ ದಿವಾನನ ನಾಲಿಗೆಗೆ ಏನೂ ಬೇಲಿ ಇಲ್ಲ ಅಂದ್ರೆ ಹೇಗೆ?

ಕಾಫಿಪುಡಿ:

ನಮ್ಮ ಟೇಬಲ್‌ನಲ್ಲಿ ಆಟಗಾರರ ಪಾತ್ರದ ಮೇಲೆ ಪರ್ಸುಯೇಶನ್ ರೋಲ್ ಇಲ್ಲವೇ ಇಲ್ಲ. ಜಿಎಂ ಮಾತಾಡಿ ಒಪ್ಪಿಸಬೇಕು. ಒಪ್ಪಿಸೋಕಾಗದಿದ್ದರೆ ಆ ಎನ್‌ಪಿಸಿಗೆ ಅವತ್ತು ಆಗಲಿಲ್ಲ ಅಂತ.

ಧಾರವಾಡದದಾಳ:

ನೋಡ್ರಿ, ನಾ ಸ್ವಲ್ಪ ಬ್ಯಾರೆ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಪಾತ್ರದ ಮನಸ್ಸು ಯಾವಾಗ್ಲೂ ಆಟಗಾರನ ಮುಷ್ಟ್ಯಾಗ ಇರಬೇಕು ಅನ್ನೂದನ್ನ ನಾ ಒಪ್ಪಂಗಿಲ್ಲ.

ನಾವು ಆಡೂದು ಕಿಂಗ್ ಆರ್ಥರ್ ಪೆಂಡ್ರಾಗನ್. ಗ್ರೆಗ್ ಸ್ಟಾಫರ್ಡ್ ಅವರು 1985ರಾಗ ತಂದ ಆಟ. ಅದರಾಗ ಪ್ರತಿ ನೈಟ್‌ಗೆ (ಕುದುರಿ ಏರೂ ವೀರಗ) 13 ಜೋಡಿ ಗುಣ ಅದಾವ. ಕರುಣೆಗೆ ಎದುರು ಕ್ರೌರ್ಯ, ವಿನಯಕ್ಕ ಎದುರು ಗರ್ವ, ಧೈರ್ಯಕ್ಕ ಎದುರು ಹೇಡಿತನ, ನಂಬಿಕೆಗೆ ಎದುರು ಸಂಶಯ, ಹಿಂಗ. ಒಂದು ಜೋಡಿ ಕೂಡಿದ್ರ 20 ಆಗಬೇಕು. ಕರುಣೆ 14 ಇದ್ರ ಕ್ರೌರ್ಯ 6. ಇಕ್ಕಟ್ಟಿನ ಹೊತ್ತು ಬಂದ್ರ ಇಪ್ಪತ್ತು ಮುಖದ ದಾಳ ಒಗೀತೀವಿ. ಅಂಕಿಗೆ ಸಮ ಇಲ್ಲಾ ಕಡಿಮಿ ಬಿದ್ರ ಆ ಗುಣದಂಗ ನಡೀಬೇಕು. ಮ್ಯಾಲೆ ಬಿದ್ರ ಎದುರಿನ ಗುಣಕ್ಕ ಒಗೀಬೇಕು. ಎರಡೂ ತಪ್ಪಿದ್ರ ಆಗ ನಿಮ್ಮ ಮರ್ಜಿ. ಅಂಕಿ 16 ಇಲ್ಲಾ ಅದಕ್ಕೂ ಹೆಚ್ಚು ಆದ್ರ ಆ ಗುಣಕ್ಕ ನಿಮ್ಮ ನೈಟ್ ಹೆಸರುವಾಸಿ ಆದ ಅಂತ ಲೆಕ್ಕ.

ಒಂದು ಸಂಜಿ ನಡೆದದ್ದು ಹೇಳ್ತೀನಿ. ನನ್ನ ನೈಟ್‌ನ ಅಪ್ಪನ್ನ ಕೊಂದಾಂವ ಕಡೀಗೆ ಸಿಕ್ಕ. ಕೆಸರಾಗ ಮಣಕಾಲೂರಿ ಕುಂತಾನ, ಶಿರಸ್ತ್ರಾಣ ಬಿದ್ದೈತಿ. ಎರಡು ವರ್ಷ ಆ ಗಳಿಗಿಗೆ ಕಾದಿದ್ದೆ. ನಾ ‘ಕಡೀತೀನಿ’ ಅಂದೆ. ಜಿಎಂ ಶಾಂತಾಗಿ ‘ನಿನ್ನ ಕರುಣೆ ಎಷ್ಟು?’ ಅಂದ್ರು. 17. ದಾಳ ಒಗದೆ, 9 ಬಿತ್ತು. ನನ್ನ ಖಡ್ಗ ಕೆಳಗ ಇಳೀತು. ಟೇಬಲ್ ಮ್ಯಾಲೆ ಯಾರೂ ಉಸಿರು ಬಿಡಲಿಲ್ಲ. ನನಗ ಸಿಟ್ಟು ಬಂತು, ಖರೇನ ಬಂತು. ಆದ್ರ ಮನಿಗೆ ಹೋಗ್ತಾ ತಿಳೀತು. ಆ 17 ನನಗ ಯಾರೂ ಕೊಟ್ಟದ್ದಲ್ಲ. ಹಿಂದ ಮೂರು ಸಲ ನಾನ ಮಂದೀನ ಉಳಿಸಿದ್ದೆ, ಪ್ರತಿ ಸಲ ಗುಣದ ಮುಂದ ಗುರುತು ಬಿತ್ತು, ಚಳಿಗಾಲದ ಲೆಕ್ಕದಾಗ ಅಂಕಿ ಏರಿತು. ನನ್ನ ಕೈ ಹಿಡದದ್ದು ನಾನು ಹಿಂದ ಬದುಕಿದ ರೀತಿ. ಅಂಥಾ ಸಂಜಿ ನನಗ ಯಾವ ಆಟದಾಗೂ ಸಿಕ್ಕಿಲ್ಲ.

ಹಂಗಾಗಿ ಅಕ್ಕಾರ, ನಿಮಗ ಆದ ಅನ್ಯಾಯ ದಾಳದ್ದಲ್ಲ ಅನಸ್ತದ ನನಗ. ಪೆಂಡ್ರಾಗನ್‌ನಾಗ ಬೊಮ್ಮಕ್ಕಗ ಸಂಶಯ 17 ಇರ್ತಿತ್ತು, ನಂಬಿಕೆ 3. ಹನ್ನೊಂದು ತಿಂಗಳಿನ ಅನುಮಾನ ಆ ದಾಳದಾಗ ತೂಕ ಹಾಕ್ತಿತ್ತು. ನಿಮ್ಮ ಟೇಬಲ್‌ನಾಗ ಹನ್ನೊಂದು ತಿಂಗಳು ಲೆಕ್ಕಕ್ಕ ಬರಲಿಲ್ಲ.

ನೀಲಿಶಾಯಿ:

ಧಾರವಾಡದವರೇ, ‘ಹನ್ನೊಂದು ತಿಂಗಳು ಲೆಕ್ಕಕ್ಕ ಬರಲಿಲ್ಲ’ ಅಂತ ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನಗೆ ಹೇಳೋಕೆ ಬರದೇ ಇದ್ದದ್ದು ಅದೇ. ಆದ್ರೆ ಒಂದು ಪ್ರಶ್ನೆ. ಆ ಕೆಸರಿನ ದೃಶ್ಯದಲ್ಲಿ ನಿಮ್ಮ ಜಿಎಂ ಮೊದಲೇ ಹೇಳದೇ ಅವತ್ತೇ ಆ ನಿಯಮ ತಂದಿದ್ದರೆ?

ಧಾರವಾಡದದಾಳ:

ಎದ್ದು ಹೋಗ್ತಿದ್ದೆ.

ದೀಪಆರಿದಮೇಲೆ:

ನಾನು ಕಾಲ್ ಆಫ್ ಕ್ಥುಲ್ಹು ನಡೆಸುತ್ತೇನೆ. ಸ್ಯಾಂಡಿ ಪೀಟರ್ಸನ್ 1981ರಲ್ಲಿ ಮಾಡಿದ ಆಟ; ನಮ್ಮಲ್ಲಿ ಜಿಎಂಗೆ ಕೀಪರ್ ಎನ್ನುತ್ತೇವೆ. ಪಾತ್ರದ ಮೇಲಿನ ಹಿಡಿತವನ್ನು ಆಟಗಾರ ಕಳೆದುಕೊಳ್ಳುವುದು ಈ ಆಟದ ಬೆನ್ನೆಲುಬು, ಹಾಗಾಗಿ ಈ ಪ್ರಶ್ನೆ ನನಗೆ ಪ್ರತಿ ಸೆಷನ್‌ನಲ್ಲೂ ಬರುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿ ಪಾತ್ರಕ್ಕೂ ಸ್ಯಾನಿಟಿ ಅಂಕಗಳಿರುತ್ತವೆ, ಶುರುವಿನಲ್ಲಿ ಪವರ್ ಗುಣದ ಲೆಕ್ಕದಿಂದ ಬರುತ್ತವೆ. ಕಾಣಬಾರದ್ದನ್ನು ಕಂಡಾಗ ರೋಲ್, ತಪ್ಪಿದರೆ ಅಂಕ ಇಳಿಯುತ್ತದೆ. ಒಂದೇ ಏಟಿಗೆ 5 ಅಥವಾ ಹೆಚ್ಚು ಹೋದರೆ ಇಂಟೆಲಿಜೆನ್ಸ್ ರೋಲ್ ಮಾಡಬೇಕು. ಇಲ್ಲಿರುವ ಸೊಗಸು ನೋಡಿ: ಆ ರೋಲ್‌ನಲ್ಲಿ ಗೆದ್ದರೆ ಹುಚ್ಚು ಹಿಡಿಯುತ್ತದೆ, ಸೋತರೆ ಪಾರಾಗುತ್ತೀರಿ. ಕಂಡದ್ದೇನೆಂದು ಪೂರ್ತಿ ಅರ್ಥವಾದವನಿಗೇ ತಲೆ ಕೆಡುತ್ತದೆ, ಅರ್ಥವಾಗದವನ ಮನಸ್ಸು ಅದನ್ನು ಮುಚ್ಚಿಹಾಕುತ್ತದೆ. ಏಳನೇ ಆವೃತ್ತಿಯಲ್ಲಿ ಹುಚ್ಚಿನ ಆವೇಶದ ಹೊತ್ತು ಕೆಲವು ಸುತ್ತು ಪಾತ್ರ ಕೀಪರ್ ಕೈಗೆ ಬರುತ್ತದೆ.

ಬಂದ ಹೊತ್ತಿನಲ್ಲೂ ನಾನು ಪೂರ್ತಿ ತೆಗೆದುಕೊಳ್ಳುವುದಿಲ್ಲ. ಕಳೆದ ತಿಂಗಳು ಒಬ್ಬ ಹುಡುಗನ ಪಾತ್ರ, ಪುರಾತತ್ವದ ಪ್ರೊಫೆಸರ್, ನೆಲಮಾಳಿಗೆಯಲ್ಲಿ ಒಡೆದುಹೋಯಿತು. ‘ಓಡಿಹೋಗ್ತೀಯ’ ಎಂದು ನಾನೇ ಹೇಳಿ ಮುಗಿಸಬಹುದಿತ್ತು. ‘ಮುಂದಿನ ನಾಲ್ಕು ಸುತ್ತು ಪ್ರೊಫೆಸರ್ ತನ್ನ ಹತೋಟಿಯಲ್ಲಿಲ್ಲ. ಒಡೆದ ಮನಸ್ಸು ಯಾವುದನ್ನು ಹಿಡಿದುಕೊಳ್ಳುತ್ತದೆ?’ ಎಂದು ಕೇಳಿದೆ. ಹುಡುಗ ಸ್ವಲ್ಪ ಯೋಚಿಸಿ, ‘ಅವರು ನೆಲದ ಮೇಲೆ ಕೂತು ಗೋಡೆಯ ಕಲ್ಲು ಎಣಿಸೋಕೆ ಶುರು ಮಾಡ್ತಾರೆ, ಉತ್ಖನನದಲ್ಲಿ ಮಾಡ್ತಿದ್ದ ಹಾಗೆ’ ಎಂದ. ಹಿಂದೆ ಏನೋ ಹತ್ತಿರ ಬರುತ್ತಿದೆ, ಈತ ಹದಿನೇಳು, ಹದಿನೆಂಟು ಎನ್ನುತ್ತಿದ್ದಾನೆ. ನಾನು ಎಷ್ಟು ತಲೆ ಕೆರೆದುಕೊಂಡರೂ ಅದು ಹೊಳೆಯುತ್ತಿರಲಿಲ್ಲ. ಆ ಪ್ರೊಫೆಸರ್ ಒಳಗೆ ಏನಿದೆ ಎಂಬುದು ಅವನಿಗೆ ಗೊತ್ತಿತ್ತು, ನನಗಲ್ಲ.

ಕಡಲಕರೆ:

ಇದನ್ನು ಓದುವಾಗ ನನಗೆ ತಾಳಮದ್ದಳೆಯೇ ನೆನಪಾಗುವುದು. ನಮ್ಮ ಊರು ಪುತ್ತೂರಿನ ಹತ್ತಿರ. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಮಳೆಗಾಲ ಪೂರ್ತಿ ಅಲ್ಲಲ್ಲಿ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡ್ತಾರೆ. ಬರೆದಿಟ್ಟ ಸಂಭಾಷಣೆ ಉಂಟಾ? ಇಲ್ಲ. ಎಲ್ಲ ಆ ಹೊತ್ತಿಗೆ ಹುಟ್ಟಬೇಕು. ಎದುರಿನವರು ಯಾವ ಪ್ರಶ್ನೆ ಹಾಕ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ.

ಸಂಧಾನದ ಪ್ರಸಂಗ ತೆಗೊಳ್ಳಿ. ಕೃಷ್ಣ ಐದು ಊರು ಕೇಳ್ತಾನೆ, ಕೌರವ ಕೊಡುವುದಿಲ್ಲ ಅನ್ನಬೇಕು. ಕೃಷ್ಣನ ಅರ್ಥ ಹೇಳುವವರು ಎಷ್ಟೇ ಗಟ್ಟಿ ಇರಲಿ, ಎಷ್ಟೇ ಚೆಂದ ವಾದ ಮಾಡಲಿ, ಕೌರವ ‘ಆಯ್ತು, ತೆಗೊಳ್ಳಿ’ ಅಂದರೆ ಮುಂದೆ ಪ್ರಸಂಗವೇ ಇಲ್ಲ. ಅಂದ ಮೇಲೆ ಕೌರವನ ಅರ್ಥಧಾರಿಗೆ ಏನು ಉಳಿಯಿತು? ನಾನು ಸಣ್ಣವನಿದ್ದಾಗ ದೇವಸ್ಥಾನದ ಚಾವಡಿಯಲ್ಲಿ ಅಜ್ಜನ ಪಕ್ಕ ಕೂತು ಕೇಳಿದ್ದೇನೆ. ಒಂದು ವರ್ಷದ ಕೌರವ ದುರಾಸೆಯಿಂದ ಇಲ್ಲ ಅಂದ. ಮರುವರ್ಷ ಇನ್ನೊಬ್ಬರು ಅದೇ ಪದ್ಯಕ್ಕೆ ಅರ್ಥ ಹೇಳುವಾಗ ಕೌರವ, ‘ಕೊಟ್ಟರೆ ಕರ್ಣನಿಗೆ ನಾನು ಯಾವ ಮುಖ ತೋರಿಸಲಿ?’ ಅಂದ. ಅದೇ ‘ಇಲ್ಲ’, ಆದರೆ ಚಾವಡಿಯಲ್ಲಿ ಕೂತವರ ಕಣ್ಣಲ್ಲಿ ನೀರು. ಏನು ಮಾಡ್ತಾನೆ ಅಂತ ಪ್ರಸಂಗ ಹೇಳ್ತದೆ, ಯಾಕೆ ಮಾಡ್ತಾನೆ ಅಂತ ಅರ್ಥಧಾರಿ ಹೇಳ್ತಾನೆ. ಪಾತ್ರ ಬದುಕಿರುವುದು ಆ ‘ಯಾಕೆ’ಯಲ್ಲಿ.

ಹಾಗಂತ ನಿಮ್ಮ ಜಿಎಂ ಮಾಡಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಅರ್ಥಧಾರಿ ಕೂರುವ ಮೊದಲೇ ಅವನಿಗೆ ಪ್ರಸಂಗ ಗೊತ್ತುಂಟು. ಒಪ್ಪಿಯೇ ಕೂತದ್ದು. ನೀವು ಹಾಗೆ ಒಪ್ಪಿ ಕೂತವರಲ್ಲ. ಇನ್ನು ‘ನಂಬ್ತೀಯ, ಕೊಡ್ತೀಯ’ ಅಂದ ಕೂಡಲೇ ಮುಂದಿನ ದೃಶ್ಯಕ್ಕೆ ಹೋದರಲ್ಲ, ಅದು ಪದ್ಯ ಹೇಳಿ ಅರ್ಥಕ್ಕೆ ಬಿಡದೇ ಇದ್ದ ಹಾಗೆ ಆಯಿತು.

ಪರದೆಹಿಂದೆ:

ಆ ಜಿಎಂ ನಾನೇ. ನೀಲಿ ನಿನ್ನೆ ಈ ಚರ್ಚೆ ತೋರಿಸಿದಳು. ಎಲ್ಲ ಓದಿದೆ. ನನ್ನ ಕಡೆಯದನ್ನೂ ಹೇಳಬೇಕು.

ಎರಡು ತಿಂಗಳ ಹಿಂದೆ ಬೊಮ್ಮಕ್ಕ ಕೋಟೆಯ ಬಾಗಿಲು ಕಾಯುವವನ ಹತ್ತಿರ ಮಾತಾಡಿದಳು. ಪರ್ಸುಯೇಶನ್ 24. ಅವನು ಬಾಗಿಲು ತೆಗೆದ. ಮರುದಿನ ಅವನನ್ನು ನೇಣಿಗೆ ಹಾಕಿದರು. ಅವನಿಗೆ ನಾನು ಒಂದು ಹೆಸರು ಇಟ್ಟಿದ್ದೆ, ಎರಡು ಮಕ್ಕಳಿದ್ದವು. ಬಾಗಿಲು ತೆಗೆಯಲು ಅವನಿಗೆ ಮನಸ್ಸಿದೆಯಾ ಅಂತ ಅವತ್ತು ಯಾರೂ ನನ್ನನ್ನು ಕೇಳಲಿಲ್ಲ. ದಾಳ ಹೇಳಿತು, ನಾನು ತೆಗೆದೆ. ಹಾಗಾದರೆ ದಾಳ ನಿಮ್ಮ ಕಡೆ ಇದ್ದಾಗ ಒಂದು ನ್ಯಾಯ, ನನ್ನ ಕಡೆ ಇದ್ದಾಗ ಒಂದು ನ್ಯಾಯವಾ? ಭಾನುವಾರ ನನ್ನ ಮನಸ್ಸಿನಲ್ಲಿದ್ದದ್ದು ಇದು. ಎರಡೂ ಕಡೆಗೆ ಒಂದೇ ತಕ್ಕಡಿ ಇಡಬೇಕು ಅಂದುಕೊಂಡೆ.

ಇನ್ನೊಂದು ಸತ್ಯವನ್ನೂ ಹೇಳ್ತೀನಿ. ಗಂಟೆ ಒಂಬತ್ತೂವರೆ ಆಗಿತ್ತು. ಓಲೆ ದಿವಾನನ ಕೈಗೆ ಹೋದ ಮೇಲೆ ಏನು ಅಂತ ಹದಿನಾಲ್ಕು ಪುಟ ಬರೆದಿಟ್ಟುಕೊಂಡಿದ್ದೆ. ಹೋಗದಿದ್ದರೆ ಏನು ಅಂತ ಒಂದು ಸಾಲೂ ಇರಲಿಲ್ಲ. 23 ಬಿದ್ದಾಗ ನನಗೆ ಸಮಾಧಾನ ಆಯಿತು. ಆ ಸಮಾಧಾನದಲ್ಲೇ ‘ಕೊಡ್ತೀಯ’ ಅಂದೆ. ನೀಲಿ, ನೀನು ಸುಮ್ಮನಾದದ್ದು ನೋಡಿದ್ದೆ ಕಣೇ. ಆಯಾಸ ಇರಬೇಕು ಅಂದುಕೊಂಡೆ. ಅಲ್ಲೇ ಕೇಳಬೇಕಿತ್ತು.

ನೀಲಿಶಾಯಿ:

ಅಕ್ಕ, ಬಾಗಿಲು ಕಾಯುವವನ ಮಾತು ನಿಜ. ಅವನ ಮಕ್ಕಳ ಹೆಸರೂ ನಾನು ಕೇಳಲಿಲ್ಲ. ಅದಕ್ಕೆ ಬೇಜಾರಿದೆ.

ಆದ್ರೆ ಒಂದೇ ತಕ್ಕಡಿ ಅನ್ನೋದನ್ನ ನಾನು ಒಪ್ಪಲ್ಲ. ನಿಮ್ಮ ಹತ್ರ ಕೋಟೆ ಇದೆ, ಮಳೆ ಇದೆ, ದಿವಾನ ಇದ್ದಾನೆ, ಸೆರೆಮನೆ ಇದೆ, ಸತ್ತವರೂ ಇದ್ದಾರೆ. ಬಾಗಿಲವನು ಸೋತರೆ ನಾಳೆ ಇನ್ನೊಬ್ಬ ಬಾಗಿಲವನು ನಿಮ್ಮ ಬಾಯಲ್ಲಿ ಮಾತಾಡ್ತಾನೆ. ನನ್ನ ಹತ್ರ ಇಡೀ ಲೋಕದಲ್ಲಿ ಬೊಮ್ಮಕ್ಕ ಒಬ್ಬಳೇ. ಅವಳನ್ನ ಹೊಡೀರಿ, ಜೈಲಿಗೆ ಹಾಕಿ, ಕೊಂದರೂ ಕೊಲ್ಲಿ, ನಾನು ಕೂತು ಆಡ್ತೀನಿ. ಅವಳ ಮನಸ್ಸನ್ನೂ ನೀವೇ ನುಡಿಸಿದ್ರೆ ಆ ಹೊತ್ತು ನಾನು ಟೇಬಲ್‌ನಲ್ಲಿ ಏನು ಮಾಡ್ತಾ ಕೂರಲಿ?

ವಿಭಕ್ತಿ:

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ವಾರಕ್ಕೊಮ್ಮೆ ಆಡುತ್ತೇನೆ. ಎರಡೂ ಕಡೆಯವರ ಮಾತು ಓದುತ್ತಿದ್ದಾಗ ಇದಕ್ಕೆ ಉತ್ತರ ನಮ್ಮ ವಾಕ್ಯದಲ್ಲೇ ಇದೆಯಲ್ಲ ಅನ್ನಿಸಿತು.

ಕನ್ನಡದಲ್ಲಿ ನಾವು ‘ನನಗೆ ಸಿಟ್ಟು ಬಂತು’, ‘ನನಗೆ ಭಯ ಆಯಿತು’, ‘ನನಗೆ ನಾಚಿಕೆ ಆಯಿತು’, ‘ನನಗೆ ಅನುಮಾನ ಬಂತು’ ಎನ್ನುತ್ತೇವೆ. ಸಿಟ್ಟು ಎಲ್ಲಿಂದಲೋ ಬರುತ್ತದೆ, ನಾವು ಚತುರ್ಥಿಯಲ್ಲಿ ನಿಂತು ಅದನ್ನು ಬರಮಾಡಿಕೊಳ್ಳುತ್ತೇವೆ. ಹಸಿವು, ನಿದ್ದೆ, ನೋವು ಎಲ್ಲವೂ ಹಾಗೆಯೇ. ಓಡುವುದು, ಹೊಡೆಯುವುದು, ಕೊಡುವುದು ಬಂದಾಗ ಮಾತ್ರ ಪ್ರಥಮೆಗೆ ಬರುತ್ತೇವೆ: ನಾನು ಓಡಿದೆ, ನಾನು ಹೊಡೆದೆ, ನಾನು ಕೊಟ್ಟೆ. ನಾನು ಆಟ ನಡೆಸುವಾಗ ಇದನ್ನೇ ಗೆರೆಯಾಗಿ ಇಟ್ಟುಕೊಂಡಿದ್ದೇನೆ. ‘ನಿನಗೆ’ ವಾಕ್ಯಗಳು ನನ್ನವು, ದಾಳದವು. ‘ನಾನು’ ವಾಕ್ಯಗಳು ಆಟಗಾರನವು. ‘ನಿನಗೆ ಎದೆ ನಡುಗುತ್ತದೆ, ಬಾಯಿ ಒಣಗುತ್ತದೆ’ ಎಂದು ನಾನು ಹೇಳಬಹುದು. ಓಡಿದೆನೋ ನಿಂತೆನೋ ಅವನು ಹೇಳಬೇಕು.

ತೊಡಕಿರುವುದು ಬೊಮ್ಮಕ್ಕನ ಕ್ರಿಯಾಪದದಲ್ಲೇ. ನಂಬುವುದು ಎರಡೂ ಕಡೆ ಕಾಲಿಟ್ಟಿದೆ. ‘ನನಗೆ ನಂಬಿಕೆ ಬಂತು’ ಎಂದರೆ ಅದು ಬಂದದ್ದು. ‘ನಾನು ನಂಬಿದೆ’ ಎಂದರೆ ಅದು ನಾನು ಮಾಡಿದ್ದು, ನಾಳೆ ಮೋಸವಾದರೆ ನಾನೇ ಹೊರಬೇಕಾದದ್ದು. ದಿವಾನ ಅಷ್ಟು ಚೆನ್ನಾಗಿ ಮಾತಾಡಿದಾಗ, ತಮ್ಮ ಬದುಕಿದ್ದಾನೆ ಎಂದಾಗ, ‘ನಿನಗೆ ಅವನನ್ನು ನಂಬಬೇಕು ಅನ್ನಿಸುತ್ತದೆ, ಎದೆಯಲ್ಲಿ ಏನೋ ಸಡಿಲವಾಗುತ್ತದೆ’ ಎಂದಿದ್ದರೆ 23ಕ್ಕೆ ಸಲ್ಲಬೇಕಾದ ಗೌರವ ಪೂರ್ತಿ ಸಲ್ಲುತ್ತಿತ್ತು. ಜಿಎಂ ಆಡಿದ್ದು ‘ನೀನು ನಂಬ್ತೀಯ’. ಅಲ್ಲಿ ಗೆರೆ ದಾಟಿತು.

ಇನ್ನು ಎರಡನೇ ವಾಕ್ಯ. ‘ಕೊಡ್ತೀಯ.’ ಅದನ್ನೇ ‘ಕೊಡ್ತೀಯಾ?’ ಎಂದು ಬರೆದು ನೋಡಿ. ಒಂದು ದೀರ್ಘದಷ್ಟು ಅಂತರ. ನನ್ನ ಪರದೆಯ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ, ಅದರಲ್ಲಿ ಆ ದೀರ್ಘದ ಗುರುತು ಬಿಟ್ಟು ಬೇರೇನೂ ಇಲ್ಲ.

ದೀಪಆರಿದಮೇಲೆ:

ಮೇಡಂ, ಬಹಳ ಇಷ್ಟವಾಯಿತು. ಒಂದು ತಕರಾರಿದೆ. ಭಯ ಯಾವಾಗಲೂ ಕೇಳಿಕೊಂಡು ಬರುವುದಿಲ್ಲ. ಕೆಲವು ಸಲ ಕಾಲು ತಾನೇ ಓಡಿಬಿಟ್ಟಿರುತ್ತದೆ, ಆಮೇಲೆ ‘ಅಯ್ಯೋ ಓಡಿದೆನಲ್ಲ’ ಎಂದು ತಿಳಿಯುತ್ತದೆ. ಲ್ಯೂಕ್ ಕ್ರೇನ್ ಅವರ ಬರ್ನಿಂಗ್ ವೀಲ್‌ನಲ್ಲಿ ಸ್ಟೀಲ್ ಎಂಬ ಪರೀಕ್ಷೆ ಇದೆ. ತಪ್ಪಿದರೆ ಪಾತ್ರ ತಡವರಿಸಲೇಬೇಕು. ಆದರೆ ಹೇಗೆ ಎಂಬುದನ್ನು ಆಟಗಾರ ಆರಿಸುತ್ತಾನೆ: ಬಾಯಿ ಬಿಟ್ಟು ನಿಲ್ಲುವುದು, ಬಿದ್ದು ಬೇಡಿಕೊಳ್ಳುವುದು, ಕಿರುಚುತ್ತ ಓಡುವುದು, ಮೂರ್ಛೆ ಹೋಗುವುದು. ನಿಮ್ಮ ಗೆರೆ ಅಲ್ಲಿ ಸ್ವಲ್ಪ ಒಳಗೆ ಸರಿಯುತ್ತದೆ, ಆದರೂ ಆಟಗಾರನಿಗೆ ನಿಲ್ಲಲು ಜಾಗ ಉಳಿಯುತ್ತದೆ.

ವಿಭಕ್ತಿ:

ಒಪ್ಪಿದೆ. ಆ ಸರಿಯುವಿಕೆ ಮೊದಲೇ ಪುಸ್ತಕದಲ್ಲಿದ್ದು ಎಲ್ಲರಿಗೂ ಗೊತ್ತಿದ್ದರೆ ತಕರಾರಿಲ್ಲ.

ಕಾಫಿಪುಡಿ:

ಚೌಕಾಸಿಯ ದಾರಿಯೂ ಒಂದಿದೆ, ಯಾರೂ ಹೇಳಲಿಲ್ಲ ಅಂತ ಬರೀತಿದ್ದೀನಿ. ಫೇಟ್ ಕೋರ್, 2013ರದ್ದು. ನಿಮ್ಮ ಪಾತ್ರದ ಬಗ್ಗೆ ನೀವೇ ಬರೆದ ಒಂದು ಸಾಲನ್ನ ಜಿಎಂ ಎತ್ಕೊಂಡು, ‘ತಮ್ಮನ ಹೆಸರು ಬಂದ್ರೆ ಇವಳಿಗೆ ಬುದ್ಧಿ ಓಡಲ್ಲ ಅಂತ ಬರೆದಿದ್ದೀಯಲ್ಲ, ಓಲೆ ಕೊಟ್ಟುಬಿಡ್ತಾಳಾ?’ ಅಂತ ಒಂದು ಫೇಟ್ ಪಾಯಿಂಟ್ ಮುಂದಿಡ್ತಾರೆ. ಒಪ್ಪಿದ್ರೆ ಪಾಯಿಂಟ್ ನಿಮಗೆ, ಬೇಡ ಅಂದ್ರೆ ನಿಮ್ಮದೇ ಒಂದು ಪಾಯಿಂಟ್ ಕೊಟ್ಟು ಬಿಡಿಸ್ಕೋಬೇಕು. ವಿನ್ಸೆಂಟ್ ಬೇಕರ್ ಅವರ ಅಪೊಕ್ಯಾಲಿಪ್ಸ್ ವರ್ಲ್ಡ್, 2010ರದ್ದು, ಒಬ್ಬ ಆಟಗಾರನ ಪಾತ್ರ ಇನ್ನೊಬ್ಬ ಆಟಗಾರನ ಪಾತ್ರವನ್ನ ಒಲಿಸೋಕೆ ಹೋದಾಗ ಹೀಗೇ ಮಾಡತ್ತೆ. ರೋಲ್ ಚೆನ್ನಾಗಿ ಬಿದ್ರೆ, ಹೇಳಿದ ಹಾಗೆ ಮಾಡಿದವರಿಗೆ ಅನುಭವದ ಗುರುತು ಸಿಗತ್ತೆ, ಮಾಡದಿದ್ರೆ ಒತ್ತಡದಲ್ಲಿ ಇನ್ನೊಂದು ರೋಲ್. ಏನು ಮಾಡ್ತಾರೆ ಅನ್ನೋದು ಮಾತ್ರ ಅವರಿಗೇ ಬಿಟ್ಟದ್ದು.

ಮೊದಲು ನಾನು ಬರೆದ ‘ರೋಲ್ ಇಲ್ಲವೇ ಇಲ್ಲ’ ಅನ್ನೋದನ್ನ ಸ್ವಲ್ಪ ಸಡಿಲ ಮಾಡ್ತೀನಿ. ದಾಳ ಬೇಡ ಅಂದ್ರೆ ಮಾತಿನಲ್ಲಿ ಚುರುಕಿಲ್ಲದ ಜಿಎಂ ಕೈಲಿ ಜಾಣ ದಿವಾನ ಹುಟ್ಟೋದೇ ಇಲ್ಲ, ಅದೂ ನಷ್ಟವೇ.

ಸೀಮೆಗೆರೆ:

ಇಷ್ಟು ದಿನ ಓದ್ತಾ ಇದ್ದೆ, ಬರೆದಿರಲಿಲ್ಲ.

ಮೂರು ವರ್ಷದ ಹಿಂದೆ ಗುರುತಿಲ್ಲದವರ ಒಂದು ಟೇಬಲ್‌ಗೆ ಆಡೋಕೆ ಹೋಗಿದ್ದೆ. ಆರು ಜನರಲ್ಲಿ ನಾನೊಬ್ಬಳೇ ಹೆಂಗಸು. ಇನ್ನೊಬ್ಬ ಆಟಗಾರ ನನ್ನ ಪಾತ್ರದ ಮೇಲೆ ರೋಲ್ ಮಾಡಿದ, ಜಿಎಂ ‘ನಿನಗೆ ಅವನ ಮೇಲೆ ಪ್ರೀತಿ ಹುಟ್ಟತ್ತೆ, ಅವನ ಜೊತೆ ಹೋಗ್ತೀಯ’ ಅಂದರು. ಬೇಡ ಅಂದೆ. ‘ದಾಳ ಹೇಳಿಬಿಟ್ಟಿದೆ’ ಅಂದರು. ನಾನು ಎದ್ದು ಬಂದೆ, ಆಮೇಲೆ ಒಂದೂವರೆ ವರ್ಷ ಎಲ್ಲೂ ಆಡಲಿಲ್ಲ.

ನೀವೆಲ್ಲ ಬರೆದಿರೋದು ಚೆನ್ನಾಗಿದೆ. ಆದರೆ ‘ನಿನಗೆ’ ವಾಕ್ಯಗಳೆಲ್ಲ ಜಿಎಂದು ಅನ್ನೋದು ನನಗೆ ಆಗಲ್ಲ ಮೇಡಂ. ಪ್ರೀತಿ, ಮೋಹ ಇವು ಚತುರ್ಥಿಯಲ್ಲೇ ಬರತ್ತೆ, ಆದರೂ ಅವು ನನ್ನವು. ಈಗ ನಾನು ಆಡೋ ಟೇಬಲ್‌ನಲ್ಲಿ ಸೆಷನ್ ಝೀರೋದಲ್ಲೇ, ಅಂದ್ರೆ ಆಟ ಶುರುವಾಗೋ ಮುಂಚಿನ ಮಾತುಕತೆಯಲ್ಲೇ, ಯಾವುದು ಬರಲೇಬಾರದು, ಯಾವುದು ಪರದೆ ಎಳೆದು ಮುಂದೆ ಹೋಗಬೇಕು ಅಂತ ಹಾಳೆ ಮೇಲೆ ಬರೀತೀವಿ. ಟೇಬಲ್ ನಡುವೆ ಎಕ್ಸ್ ಕಾರ್ಡ್ ಇರತ್ತೆ. ಮುಟ್ಟಿದ್ರೆ ಆ ವಿಷಯ ಅಲ್ಲಿಗೆ ನಿಲ್ಲತ್ತೆ, ಯಾಕೆ ಅಂತ ಯಾರೂ ಕೇಳಲ್ಲ. ನಾನು ಒಂದೇ ಸಲ ಮುಟ್ಟಿದ್ದೀನಿ. ಅದು ಅಲ್ಲಿದೆ ಅನ್ನೋದೇ ನನಗೆ ಸಾಕು.

ವಿಭಕ್ತಿ:

ನೀವು ಹೇಳಿದ್ದು ಸರಿ. ನನ್ನ ಗೆರೆ ಅಷ್ಟು ನೇರವಾಗಿಲ್ಲ. ತಿದ್ದಿಕೊಳ್ಳುತ್ತೇನೆ. ಬರೆದದ್ದಕ್ಕೆ ಧನ್ಯವಾದ.

ಇಪ್ಪತ್ತುಮುಖ:

ಇನ್ನೊಂದು ಕಡೆಯ ಅಪಾಯವನ್ನೂ ಇಲ್ಲೇ ಹೇಳ್ಬೇಕು. ‘ನನ್ನ ಪಾತ್ರ ಹೀಗೇ ಮಾಡೋದು’ ಅಂತ ಹೇಳಿ ಜೊತೆಯವರ ಚೀಲದಿಂದ ಕದಿಯೋರು, ಊರಿಗೆ ಬೆಂಕಿ ಇಡೋರು ಇದ್ದಾರೆ. ಅವರೂ ಪಾತ್ರದ ಮೇಲಿನ ಹಕ್ಕು ಅಂತಲೇ ವಾದ ಮಾಡ್ತಾರೆ. ಪಾತ್ರದ ಸ್ವಭಾವ ಬರೆದೋರು ನೀವೇ ತಾನೇ, ನಾಲ್ಕು ಜನ ಜೊತೇಲಿ ಕೂತು ಆಡೋಕೆ ಆಗೋ ಹಾಗೆ ಬರೀರಿ. ಜಿಎಂ ಮುಂದೆ ಕೇಳೋ ಹಕ್ಕನ್ನ ಪಕ್ಕದಲ್ಲಿ ಕೂತವರಿಗೂ ಕೊಡ್ಬೇಕು.

ನೀಲಿಶಾಯಿ:

ನಿನ್ನೆ ಆಡಿದ್ವಿ. ನೀವೆಲ್ಲ ಕೇಳ್ತಿದ್ರಿ, ಅದಕ್ಕೆ ಬರೀತೀನಿ.

ಶುರುವಿಗೆ ಮುಂಚೆ ಅರ್ಧ ಗಂಟೆ ಐದೂ ಜನ ಮಾತಾಡಿದ್ವಿ. ಎನ್‌ಪಿಸಿ ಮಾತಿಗೆ ರೋಲ್ ಇರತ್ತೆ, ಎಷ್ಟು ಸೆಳೆತ ಅಂತ ಜಿಎಂ ಹೇಳ್ತಾರೆ, ಏನು ಮಾಡ್ತೀವಿ ಅಂತ ನಾವು ಹೇಳ್ತೀವಿ. ಮಂತ್ರ ಇದ್ದರೆ ಮಂತ್ರ ಅಂತ ಹೇಳಿಯೇ ಸೇವ್ ಮಾಡಿಸೋದು. ಮೋಹ, ಪ್ರೀತಿ ದಾಳಕ್ಕೆ ಇಲ್ಲ. ಸೀಮೆಗೆರೆ ಅವರೇ, ಒಂದು ಕಾರ್ಡ್ ನಮ್ಮ ಟೇಬಲ್ ಮೇಲೂ ಬಂದಿದೆ. ನಮ್ಮ ಪಾಲಿಗೂ ಒಂದು ಸೇರಿಸಿದ್ವಿ: ನಾವು ಯಾರನ್ನಾದ್ರೂ ಒಪ್ಪಿಸೋಕೆ ಹೋದ್ರೆ ಮೊದಲು ಅವರ ಹೆಸರು ಕೇಳ್ಬೇಕು. ಅದು ನಾನು ಹೇಳಿದ್ದು, ಬಾಗಿಲು ಕಾಯುವವನಿಗೋಸ್ಕರ.

ಆಮೇಲೆ ಅಕ್ಕ ದಿವಾನನ ದೃಶ್ಯಕ್ಕೆ ವಾಪಸ್ ಹೋದ್ರು. ಅದೇ ದೀಪ, ಅದೇ ಮಾತು. ‘ದಾಳ ಹಾಗೇ ಇರಲಿ, 23 ಮತ್ತು 6. ಅವನ ಮುಖದಲ್ಲಿ ನಿನಗೆ ಏನೂ ಸಿಗಲ್ಲ. ತಮ್ಮ ಬದುಕಿದ್ದಾನೆ ಅನ್ನೋ ಮಾತು ಕೇಳಿ ನಿನಗೆ ಮಂಡಿ ಕುಸಿಯೋ ಹಾಗಾಗತ್ತೆ. ನಂಬಿಬಿಡಬೇಕು ಅನ್ನಿಸತ್ತೆ. ಓಲೆ ಕೊಡ್ತೀಯಾ?’

ನಾನು ತುಂಬ ಹೊತ್ತು ಸುಮ್ಮನಿದ್ದೆ. ಯಾರೂ ಅವಸರ ಮಾಡಲಿಲ್ಲ. ಎರಡು ವಾರ ನಾನು ಕೊಡಲ್ಲ ಅಂತಲೇ ಅಂದ್ಕೊಂಡಿದ್ದೆ, ಅಲ್ಲಿ ಕೂತಾಗ ಗೊತ್ತಾಯ್ತು ಬೊಮ್ಮಕ್ಕ ಕೊಡ್ತಾಳೆ ಅಂತ. ಅವನನ್ನ ನಂಬಿ ಅಲ್ಲ. ಹತ್ತರಲ್ಲಿ ಒಂದು ಪಾಲು ನಿಜ ಆಗಿದ್ದು, ಓಲೆ ಇಟ್ಕೊಂಡದ್ದಕ್ಕೆ ತಮ್ಮ ಒಳಗೇ ಸತ್ತ ಅಂದ್ರೆ ಅವಳಿಗೆ ಬದುಕೋಕಾಗಲ್ಲ. ಸೊಂಟದಿಂದ ಓಲೆ ತೆಗೆದು ಚಾಚಿದೆ. ಅವನು ಒಂದು ತುದಿ ಹಿಡಿದ. ಇನ್ನೊಂದು ತುದಿ ನಾನು ಬಿಡಲಿಲ್ಲ.

‘ಅವನ ಹೆಸರೇನು?’ ಅಂತ ಕೇಳಿದೆ.

ಅಕ್ಕ ತಮ್ಮ ಹಾಳೆಗಳನ್ನ ತಿರುವಿದ್ರು. ಆಮೇಲೆ ಹಾಳೆ ಮುಚ್ಚಿಟ್ಟು ನನ್ನನ್ನೇ ನೋಡಿದ್ರು. ಅಲ್ಲಿಗೆ ಸೆಷನ್ ನಿಲ್ಲಿಸಿದ್ವಿ.

ಧಾರವಾಡದದಾಳ:

ದಿವಾನ ಏನಂದ್ರೀ?

ಪರದೆಹಿಂದೆ:

ಇನ್ನೂ ಯೋಚನೆ ಮಾಡ್ತಾ ಇದ್ದೀನಿ.